ಸುಳ್ಳು ಹೇಳಿದವರಿಗೆ ಮಾತ್ರ ಬಾಗಿಲು ತೆರೆಯುವ ಜಾಲತಾಣ

ಸಂತೆ ಮಳಿಗೆಗಳ ಹಂಚಿಕೆಗೆಂದು ಜಾಲತಾಣ ಮಾಡಿಸಿರುವ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಜಾಲತಾಣ ನನ್ನ ಕಂಪ್ಯೂಟರನ್ನು ಒಳಗೆ ಬಿಡುತ್ತಿಲ್ಲ. ಕಂಪ್ಯೂಟರ್ ಕೆಟ್ಟಿಲ್ಲ. ನೆಟ್ ಮತ್ತು ಕರೆಂಟು ಎರಡೂ ಒಟ್ಟಿಗೆ ಇರುವ ಹೊತ್ತು ನಮ್ಮ ಹಾರನಹಳ್ಳಿಯಲ್ಲಿ ಅಪರೂಪ, ಅಂಥ ಹೊತ್ತನ್ನೇ ಕಾದು ಪ್ರಯತ್ನಿಸಿದ್ದೇನೆ. ಪ್ರತಿ ಸಲವೂ ಬಿಳಿ ಪರದೆಯ ನಡುವೆ ಒಂದು ಕೆಂಪು ಸಾಲು ಬರುತ್ತದೆ: 'ನಿಮ್ಮ ಸಾಧನವು ಈ ಸೇವೆಗೆ ಅರ್ಹವಾಗಿಲ್ಲ.' ಏಕೆ ಅರ್ಹವಲ್ಲ, ಏನು ಮಾಡಿದರೆ ಅರ್ಹವಾದೀತು ಎಂದು ಕೇಳೋಣವೆಂದರೆ ಅದರ ಕೆಳಗೆ 'ಸರಿ' ಎಂಬ ಒಂದೇ ಗುಂಡಿಯಿದೆ. 'ಸರಿಯಲ್ಲ' ಎಂದು ಒತ್ತಲು ನೀವು ಜಾಗ ಕೊಟ್ಟಿಲ್ಲ. ಅದಕ್ಕೇ ಈ ಪತ್ರ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ಬಡತನದಿಂದ ಬಿಟ್ಟೆ ಎಂದರೆ ನಿಮಗೆ ಅಯ್ಯೋ ಅನ್ನಿಸಬಹುದು, ಆದರೆ ಅದು ನಿಜವಲ್ಲ. ಒಂದು ಕಡೆ ಕೂರಲಾಗುತ್ತಿರಲಿಲ್ಲ, ಬಿಟ್ಟೆ. ಆಮೇಲೆ ಹುಣಸೂರಿನಲ್ಲಿ ಮೊಬೈಲ್ ರಿಪೇರಿ, ಕೆ.ಆರ್. ನಗರದಲ್ಲಿ ಜೆರಾಕ್ಸ್ ಅಂಗಡಿ, ಎಚ್.ಡಿ. ಕೋಟೆಯಲ್ಲಿ ಶುಂಠಿ ಲಾರಿಗಳ ಹಿಂದೆ ಓಡಾಟ. ಈಗ ಪ್ರಮೀಳಕ್ಕ ನಡೆಸುವ ಆನ್‌ಲೈನ್ ಸೆಂಟರಿನಲ್ಲಿದ್ದೇನೆ. ಇಲ್ಲಾದರೂ ಹೇಗೆ ಕೂತಿದ್ದೇನೆಂದರೆ, ಕಂಪ್ಯೂಟರನ್ನು ಕೆದಕಿ ಕೇಳಿದರೆ ಅದು ಕಾರಣ ಹೇಳುತ್ತದೆ. ಮೇಷ್ಟ್ರುಗಳು ಹೇಳುತ್ತಿರಲಿಲ್ಲ. ನಿಮ್ಮ ಜಾಲತಾಣವೂ ಹೇಳಲಿಲ್ಲ, ಅದನ್ನು ಕೆದಕಬೇಕಾಯಿತು. ಕೆದಕಿದಾಗ ಏನು ಸಿಕ್ಕಿತೆಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಚಿಕ್ಕಬೀರಮ್ಮನ ವಿಷಯ.

ಚಿಕ್ಕಬೀರಮ್ಮ ನಮ್ಮ ಸಂತೆಯಲ್ಲಿ ಹಸಿಮೆಣಸಿನಕಾಯಿ, ಶುಂಠಿ, ಕಾಲಕ್ಕೆ ತಕ್ಕಂತೆ ಅವರೆಕಾಯಿ ಮಾರುವವಳು. ನಾನು ನಡೆಯಲು ಕಲಿಯುವ ಮೊದಲಿಂದಲೂ ಅವಳು ಬಾವಿಕಟ್ಟೆಯ ಪಕ್ಕದಲ್ಲೇ ಕೂರುತ್ತಿದ್ದಳು. ಈಗ ಬಾವಿ ಮುಚ್ಚಿ, ಮೇಲೆ ಶೀಟು ಹೊದಿಸಿ ನೀವು ಸಾಲುಮಳಿಗೆ ಕಟ್ಟಿಸಿದ್ದೀರಿ. ಒಳ್ಳೆಯ ಕೆಲಸ, ಮಳೆಗೆ ಸರಕು ನೆನೆಯುವುದಿಲ್ಲ. ಆದರೆ ಮಳಿಗೆ ಸಿಗದವರು ಮೈದಾನದೊಳಗೆ ಕೂರುವಂತಿಲ್ಲ ಎಂದೂ, ಹಳಬರಿಗೆ ಮೊದಲ ಆದ್ಯತೆ ಎಂದೂ, ಅರ್ಜಿಯನ್ನು ಜಾಲತಾಣದಲ್ಲಿ ಮಾತ್ರ ಈ ತಿಂಗಳ ಕೊನೆಯೊಳಗೆ ಹಾಕಬೇಕೆಂದೂ ಬೋರ್ಡು ಹಾಕಿದ್ದೀರಿ. ಕಾಗದದ ಅರ್ಜಿ ಹಿಡಿದು ಹೋದವಳನ್ನು ನಿಮ್ಮ ಕಚೇರಿಯವರು ಬಾಗಿಲಲ್ಲೇ ಹಿಂದಕ್ಕೆ ಕಳಿಸಿದರು. ಹಾಗಾಗಿ ನನ್ನ ಹತ್ತಿರ ಬಂದಳು. ತಿಂಗಳು ಮುಗಿದರೆ ಅವಳ ಜಾಗ ಮುಗಿಯುತ್ತದೆ.

ಮೊದಲ ದಿನ ಕೆಂಪು ಸಾಲು ಬಂದಾಗ 'ಆಗಲ್ವಂತೆ ಅವ್ವ, ಅರ್ಹತೆ ಇಲ್ಲ ಅಂತದೆ' ಎಂದು ಅವಸರದಲ್ಲಿ ಹೇಳಿಬಿಟ್ಟೆ. ಅವಳು ತನ್ನ ಕೈ ನೋಡಿಕೊಂಡು ಎದ್ದು ಹೋದಳು. ಇದು ಹೊಗೆಸೊಪ್ಪಿನ ಕಾಲ. ಸಂತೆಯಿಲ್ಲದ ದಿನ ಅವಳು ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನುಗಳ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೂಲಿಗೆ ಹೋಗುತ್ತಾಳೆ. ಆ ಸೊಪ್ಪಿನ ಅಂಟು ಬೆರಳಿಗೆ ಕಪ್ಪಗೆ ಮೆತ್ತಿಕೊಂಡರೆ ಸೋಪಿಗೆ ಹೋಗುವುದಿಲ್ಲ. ಈ ಕಾಲದಲ್ಲಿ ನಮ್ಮ ಕಡೆಯ ಹೆಂಗಸರ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರವೂ ಗುರುತಿಸುವುದಿಲ್ಲ. ಮಾರನೆಯ ದಿನ ಅವಳು ಮತ್ತೆ ಬಂದು ಎರಡೂ ಕೈಯನ್ನು ಕೀಬೋರ್ಡಿನ ಮುಂದೆ ಚಾಚಿದಳು. ಬೆರಳ ತುದಿಯ ಚರ್ಮ ಕೆಂಪಾಗಿತ್ತು.

'ಹುಣ್ಸೆಹಣ್ಣು, ಬೂದಿ ಹಾಕಿ ತಿಕ್ಕಿವ್ನಿ. ಈಗ ಒಪ್ಕತದಾ ಕೇಳ್ಲಾ ಮಗ.'

'ಅವ್ವ, ಅದು ನಿನ್ ಕೈ ನೋಡೇ ಇಲ್ಲ ಕಣವ್ವ.'

'ಮತ್ಯಾರ್ ಕೈ ನೋಡ್ತು?'

'ಯಾರ್ದೂ ಇಲ್ಲ. ಬ್ರೌಸರ್ ನೋಡಿ ಬ್ಯಾಡ ಅಂದದೆ.'

'ಅವನ್ಯಾರ್ಲಾ ನಡುವೆ?'

ಪ್ರಮೀಳಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಕಂಪ್ಯೂಟರಿನ ಮೇಲೆ ಹೊರಿಸಿದ ತಪ್ಪನ್ನು ಒಬ್ಬ ಹೆಂಗಸು ತನ್ನ ಕೈಯ ತಪ್ಪೆಂದುಕೊಂಡು ಚರ್ಮ ಸುಲಿಯುವಂತೆ ಉಜ್ಜಿಕೊಂಡಿದ್ದಾಳೆ. ಆ ಸಾಲನ್ನು ಬರೆಸಿದವರಿಗೆ, ಅದನ್ನು ಓದುವವರು ಹೀಗೂ ಅರ್ಥ ಮಾಡಿಕೊಂಡಾರು ಎಂದು ಒಮ್ಮೆಯಾದರೂ ಹೊಳೆದಿತ್ತೇ?

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬರು ಮೇಡಂ ಬಹಳ ಮರ್ಯಾದೆಯಿಂದ ಮಾತಾಡಿದರು. 'ನಿಮ್ಮದು ಹೊಸ ಸಿಸ್ಟಮ್ ಸರ್, ಅದಕ್ಕೇ ಬರ್ತಿಲ್ಲ. ಹಳೇ ಬ್ರೌಸರ್ ಇರೋ ಕಡೆ ಟ್ರೈ ಮಾಡಿ' ಎಂದರು. ಎಲ್ಲಿ ಸಿಗುತ್ತದೆ ಎಂದು ಕೇಳಿದೆ. 'ನಮ್ಮ ಆಫೀಸ್ ಎದುರಿಗೇ ಒಂದು ಅಂಗಡಿ ಇದೆ ಸರ್. ಎಲ್ಲರೂ ಅಲ್ಲೇ ಹಾಕಿಸ್ತಾರೆ.'

ಮಾನ್ಯರೇ, ನನ್ನ ಅನುಮಾನ ಹುಟ್ಟಿದ್ದು ಇಲ್ಲಿ. ಕಂಪ್ಯೂಟರ್ ಹಳೆಯದಾಯಿತು, ಹೊಸದು ತನ್ನಿ ಎಂದು ಹೇಳುವುದನ್ನು ಕೇಳಿದ್ದೇನೆ. ಹೊಸದಾಯಿತು, ಹಳೆಯದು ಹುಡುಕಿ ಎಂದು ಹೇಳುವುದನ್ನು ಮೊದಲ ಸಲ ಕೇಳಿದೆ. ನೀವು ಕೇಳುವ ಬ್ರೌಸರನ್ನು ಮಾಡಿದ ಕಂಪನಿಯೇ ಅದರ ತಿಥಿ ಮುಗಿಸಿ ವರ್ಷಗಳಾಗಿವೆ. ನಿಮ್ಮ ಜಾಲತಾಣಕ್ಕಾದರೋ ಇನ್ನೂ ಹೆಸರಿಡುವ ಶಾಸ್ತ್ರವೇ ಮುಗಿದಿಲ್ಲ. ಈಗ ಹುಟ್ಟಿದ ಕೂಸಿಗೆ ಸತ್ತವರೇ ಬಂದು ತೊಟ್ಟಿಲು ತೂಗಬೇಕೆಂದು ಹಟ ಹಿಡಿದವರು ಯಾರು?

ಆ ಅಂಗಡಿಗೂ ಹೋದೆ, ಚಿಕ್ಕಬೀರಮ್ಮನನ್ನು ಕರೆದುಕೊಂಡೇ. ಅಂಗಡಿ ನಂಜುಂಡೇಶಣ್ಣನದು. ಪತ್ರದಲ್ಲಿ ಹೆಸರು ಬರೆಯುತ್ತೇನೆ ಎಂದು ಅವನಿಗೇ ಹೇಳಿದ್ದೇನೆ. 'ಬರ್ಕೋ ಹೋಗು, ಪುಕ್ಸಟ್ಟೆ ಜಾಹೀರಾತು' ಎಂದಿದ್ದಾನೆ. ಒಳಗೆ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಮಾನಿಟರಿನ ನೆತ್ತಿಗೆ ಮೂರು ಗೆರೆ ವಿಭೂತಿ, ಮೇಲೆ ಒಂದು ಟವೆಲ್ಲು. ನಾನು ಮೌಸಿಗೆ ಕೈ ಹಾಕಿದ್ದೇ ತಡ, ಅಣ್ಣ ಎದ್ದ.

'ಮುಟ್ಬ್ಯಾಡ ಕಣ್ಲಾ. ಅದ್ಕೆ ಅಪ್‌ಡೇಟ್ ಅನ್ನೋ ಗಾಳೀನೂ ಸೋಕ್ಸಿಲ್ಲ ನಾನು.'

'ವೈರಸ್ ಬಂದ್ರೆ ಅಣ್ಣ? ಜನರ ಆಧಾರ್ ಎಲ್ಲ ಅದ್ರಲ್ಲೇ ಹೋಗ್ತದಲ್ಲ.'

'ಅಪ್‌ಡೇಟ್ ಆದ್ರೆ ಆ ಜನ ನನ್ನ ಹುಡುಕ್ಕೊಂಡು ಯಾಕ್ ಬತ್ತಾರೆ, ಅದ್ಹೇಳು.'

ಅವನು ಪ್ರಾಮಾಣಿಕವಾಗಿಯೇ ಹೇಳಿದ. ಅವನೇ ಅರ್ಜಿ ತುಂಬಲು ಕೂತು, ಹೆಸರು, ಊರು ಕೇಳಿ ಟೈಪ್ ಮಾಡಿ, ಮೊಬೈಲ್ ನಂಬರಿನ ಜಾಗಕ್ಕೆ ಬಂದಾಗ ಚಿಕ್ಕಬೀರಮ್ಮ ಸೆರಗಿನಿಂದ ತನ್ನ ಫೋನ್ ತೆಗೆದಳು. ಅಣ್ಣ ಅದನ್ನು ನೋಡದೆಯೇ ತನ್ನ ನಂಬರನ್ನು ಒತ್ತಿದ.

'ಅದ್ಯಾರ್ ನಂಬರಪ್ಪಾ?' ಎಂದಳು.

'ನಂದೇ ಕಣಮ್ಮ. ಓಟಿಪಿ ಬಂದ್ರೆ ನೀವು ಕನ್ನಡಕ ಹುಡುಕೋದ್ರಲ್ಲಿ ಟೈಮ್ ಮುಗೀತದೆ. ಎಲ್ಲಾರ್ಗೂ ನನ್ ನಂಬರೇ ಹಾಕದು.'

'ಮಳಿಗೆ ಸಿಕ್ತು ಅನ್ನೋದು ಯಾರ್ಗ್ ಬತ್ತದೆ?'

'ನಂಗೇ. ನಾ ಹೇಳ್ತೀನಿ ಬುಡು.'

'ಕುಂತ್ಕಳೋಳು ನಾನು, ಕರೆಯೋದು ನಿನ್ನ. ಅಳಿಸಪ್ಪ ಅದ್ನ.' ಎಂದವಳೇ ಎದ್ದುಬಿಟ್ಟಳು.

ನಿಮ್ಮ ನಿಯಮವನ್ನು ಓದಿದ್ದೇನೆ. ಮಳಿಗೆ ಮಂಜೂರಾದ ಸಂದೇಶ ಮೊಬೈಲಿಗೆ ಬರುತ್ತದೆ, ವಾರದೊಳಗೆ ಒಪ್ಪಿಗೆ ಒತ್ತದಿದ್ದರೆ ಮಳಿಗೆ ಮುಂದಿನವರ ಪಾಲಾಗುತ್ತದೆ. ಅಂದರೆ ಒಂದು ಸಂತೆಯ ಅರ್ಧ ಜನರ ಒಪ್ಪಿಗೆ ಒಬ್ಬನ ಜೇಬಿನಲ್ಲಿರುತ್ತದೆ. ನಂಜುಂಡೇಶಣ್ಣ ಮೋಸ ಮಾಡುತ್ತಾನೆ ಎಂದು ನಾನು ಹೇಳುವುದಿಲ್ಲ, ನನ್ನಲ್ಲಿ ಸಾಕ್ಷಿಯಿಲ್ಲ. ನಿಮಗೂ ಅವನಿಗೂ ಒಳಗೊಳಗೆ ಮಾತಾಗಿದೆ ಎಂದೂ ಹೇಳುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ. ಇಡೀ ತಾಲ್ಲೂಕಿನಲ್ಲಿ ನಿಮ್ಮ ಜಾಲತಾಣ ಅರ್ಹವೆಂದು ಒಪ್ಪುವ ಕಂಪ್ಯೂಟರ್ ನನಗೆ ಕಂಡಂತೆ ಒಂದೇ, ಅದು ನಿಮ್ಮ ಕಚೇರಿಯ ಕಿಟಕಿಯಿಂದ ಕಾಣುತ್ತದೆ. ಇದು ಕಾಕತಾಳೀಯವಾದರೆ ಕಾಗೆ ಯಾವುದು?

ಈಗ ಕೆದಕಿದಾಗ ಸಿಕ್ಕಿದ್ದಕ್ಕೆ ಬರುತ್ತೇನೆ. ನಿಮ್ಮ ಪುಟದ ಹಿಂದೆ ಏನು ಬರೆದಿದೆ ಎಂದು ಯಾರು ಬೇಕಾದರೂ ನೋಡಬಹುದು, ಅದೇನೂ ಕಳ್ಳತನವಲ್ಲ. ಯಾವುದೇ ಬ್ರೌಸರ್ ಜಾಲತಾಣವೊಂದರ ಬಾಗಿಲಿಗೆ ಹೋದಾಗ ತನ್ನ ಹೆಸರನ್ನೂ ಆವೃತ್ತಿಯನ್ನೂ ಹೇಳಿಕೊಳ್ಳುತ್ತದೆ. ನಿಮ್ಮ ಪುಟ ಆ ಹೆಸರನ್ನು ಕೇಳಿಸಿಕೊಂಡು, ಅದು ಆ ಸತ್ತುಹೋದ ಬ್ರೌಸರಿನ ಹೆಸರಲ್ಲದಿದ್ದರೆ ಕೆಂಪು ಸಾಲು ತೋರಿಸುತ್ತದೆ. ಅಷ್ಟೇ. ಬೇರೆ ಯಾವ ಪರೀಕ್ಷೆಯೂ ಇಲ್ಲ. ಅರ್ಹತೆ ಎಂದು ನೀವು ಕರೆಯುವುದು ಇದನ್ನು.

ಜಾಲತಾಣ ಮಾಡುವವರು ಪರೀಕ್ಷೆಗೆಂದು ಬಳಸಲು ಬ್ರೌಸರಿನ ಹೆಸರು ಬದಲಿಸುವ ಅನುಕೂಲವೊಂದು ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ. ನಾನು ಅದನ್ನು ಬಳಸಿ, ನಮ್ಮ ಹೊಸ ಬ್ರೌಸರಿನ ಬಾಯಲ್ಲಿ ಹಳೆಯದರ ಹೆಸರು ಹೇಳಿಸಿದೆ. ಬಾಗಿಲು ತೆರೆಯಿತು. ಅರ್ಜಿ ಪೂರ್ತಿ ಬಂತು. ಹೆಸರು ತುಂಬಿತು, ಹೋಬಳಿ ಆಯ್ಕೆಯಾಯಿತು, ಫೋಟೊ ಹತ್ತಿತು, ಓಟಿಪಿ ಚಿಕ್ಕಬೀರಮ್ಮನ ಫೋನಿಗೇ ಬಂದು ಒಪ್ಪಿತವಾಯಿತು. ಯಾವುದೂ ಕೆಟ್ಟಿರಲಿಲ್ಲ. ಹಾಗಾದರೆ ಹೆಸರು ಕೇಳುವ ಆ ಒಂದು ಸಾಲನ್ನು ಅಲ್ಲಿ ಯಾರು, ಯಾರಿಗಾಗಿ ನಿಲ್ಲಿಸಿದರು? ಮರೆವಾದರೆ ಇಷ್ಟು ದಿನ ಯಾರೂ ಏಕೆ ನೆನಪಿಸಲಿಲ್ಲ? ನಿಮ್ಮ ಸಹಾಯವಾಣಿಗೆ ಅಂಗಡಿಯ ದಾರಿ ಬಾಯಿಪಾಠವಾಗುವಷ್ಟು ಜನ ಫೋನ್ ಮಾಡಿದ್ದಾರಲ್ಲ?

ಜಾಲತಾಣದ ಅಂದಚೆಂದದ ಬಗ್ಗೆಯೂ ನಾಲ್ಕು ಮಾತಿದೆ, ಸಹಿಸಿಕೊಳ್ಳಿ. ಮೊದಲ ಪುಟದಲ್ಲಿ ಗಣ್ಯರ ಫೋಟೊಗಳು ಎಷ್ಟು ದೊಡ್ಡವೆಂದರೆ ನಮ್ಮ ನೆಟ್ಟಿನಲ್ಲಿ ಮೊದಲು ಪೇಟ ಬರುತ್ತದೆ, ಮುಖ ಬರುವಷ್ಟರಲ್ಲಿ ಟೀ ಮುಗಿದಿರುತ್ತದೆ. ಓಡುವ ಸಾಲೊಂದರ ಪಕ್ಕದಲ್ಲಿ 'ಹೊಸತು' ಎಂದು ಮಿನುಗುವ ಸುತ್ತೋಲೆ ನಾನು ಶಾಲೆಯಲ್ಲಿದ್ದಾಗಿನದು. ಫೋನಿನಲ್ಲಿ ತೆರೆದರೆ ಪುಟ ಬಲಗಡೆಗೆ ಹರಿದುಹೋಗಿ 'ಸಲ್ಲಿಸಿ' ಎಂಬ ಗುಂಡಿ ಪರದೆಯ ಆಚೆ ಎಲ್ಲೋ ಇರುತ್ತದೆ. ಸಂತೆಗೆ ಬರುವವರಲ್ಲಿ ಕಂಪ್ಯೂಟರ್ ಇರುವವರು ಎಷ್ಟು, ಫೋನ್ ಇರುವವರು ಎಷ್ಟು ಎಂದು ಒಂದು ಸಲ ಸಂತೆಗೆ ಬಂದು ನೋಡಿದ್ದರೆ ಸಾಕಿತ್ತು. ಮನೆ ಕಟ್ಟುವ ಗಾರೆಯವನೂ ಬಾಗಿಲಿಡುವ ಮುಂಚೆ, ಒಳಗೆ ಹೋಗುವವರ ಎತ್ತರ ಕೇಳುತ್ತಾನೆ.

ಇರಲಿ. ತುಂಬಿದ ಅರ್ಜಿಯ ಕೊನೆಯಲ್ಲಿ 'ಮೇಲಿನ ವಿವರಗಳೆಲ್ಲ ಸತ್ಯ. ಅಸತ್ಯವೆಂದು ಕಂಡುಬಂದಲ್ಲಿ ಮಂಜೂರಾತಿ ರದ್ದಾಗುವುದು' ಎಂಬ ಘೋಷಣೆಯಿದೆ. ಅಲ್ಲಿ ನನ್ನ ಕೈ ನಿಂತಿತು. ಸುಳ್ಳು ಹೇಳಿ ಒಳಗೆ ಬಂದವನು ಒಳಗೆ ನಿಂತು ಸತ್ಯದ ಮೇಲೆ ಆಣೆ ಮಾಡಬೇಕು. ಪ್ರಮೀಳಕ್ಕನಿಗೆ ರೇಗಿತು.

'ಸಾವ್ರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ನೀನೊಂದು ಸುಳ್ಳು ಹೇಳಿ ಒಂದು ಮಳಿಗೆ ಕೊಡ್ಸಕ್ಕಾಗಲ್ವಾ? ಒತ್ತೋ ಸಾಕು, ಹರಿಶ್ಚಂದ್ರನ ಮೊಮ್ಮಗ.'

'ಆಮೇಲೆ ಗೊತ್ತಾದ್ರೆ ಮಳಿಗೆ ಹೋಗೋದು ನನ್ದಲ್ಲಕ್ಕ.'

ಚಿಕ್ಕಬೀರಮ್ಮ ಇಬ್ಬರ ಮುಖವನ್ನೂ ನೋಡಿದಳು. ವಿಷಯವನ್ನು ಬಿಡಿಸಿ ಹೇಳಿದೆ. ಅವಳು ತನ್ನ ತಕ್ಕಡಿಯ ಮಾತು ತೆಗೆದಳು. ನಮ್ಮ ಸಂತೆಯಲ್ಲಿ ಹಳೆಯ ತಕ್ಕಡಿ ಒಂದು ಕಡೆಗೆ ವಾಲಿದರೆ ಹಗುರವಾದ ತಟ್ಟೆಗೆ ಸಣ್ಣ ಕಲ್ಲೊಂದನ್ನು ಹಾಕಿ ಸಮ ಮಾಡುತ್ತಾರೆ. ಹಾಕುವ ಮುಂಚೆ ಬರಿ ತಕ್ಕಡಿಯನ್ನು ಗಿರಾಕಿಯ ಕಣ್ಣೆದುರು ಎತ್ತಿ ಹಿಡಿಯಬೇಕು.

'ಕದ್ದು ಇಕ್ಕುದ್ರೆ ಮೋಸ, ತೋರ್ಸಿ ಇಕ್ಕುದ್ರೆ ಯಾಪಾರ. ನೀನೂ ಅವ್ರಿಗೆ ಮೊದ್ಲು ತೋರ್ಸು. ಆಮೇಲೆ ಒತ್ತು' ಎಂದಳು.

'ಅವ್ರು ನೋಡ್ದೇ ಇದ್ರೆ?'

'ಊರೆಲ್ಲ ನೋಡಂಗೆ ತೋರ್ಸು.'

ಹಾಗಾಗಿ ಇದು ನಿಮ್ಮ ಟಪ್ಪಾಲು ವಿಭಾಗಕ್ಕೆ ಮಾತ್ರ ಹೋಗದೆ, ಎಲ್ಲರೂ ಓದುವ ಜಾಗಕ್ಕೆ ಬಂದಿದೆ. ನನ್ನ ಬೇಡಿಕೆ ದೊಡ್ಡದೇನಲ್ಲ. ಬ್ರೌಸರಿನ ಹೆಸರು ಕೇಳಿ ಬಾಗಿಲು ಹಾಕುವ ಆ ಸಾಲನ್ನು ತೆಗೆಸಿ. ತೆಗೆಯಲು ಟೆಂಡರ್ ಬೇಡ, ತಿಳಿದವರು ಒಬ್ಬರು ಕೂತರೆ ಸಾಕು. ಒಂದೇ ಮೊಬೈಲ್ ನಂಬರಿನಲ್ಲಿ ಬಂದಿರುವ ಅರ್ಜಿಗಳ ಜನರನ್ನು ನೀವೇ ಕರೆಸಿ, ಅವರವರ ನಂಬರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಆ ಸಾಲನ್ನು ತೆಗೆಯಲಾಗದು ಎನ್ನುವುದಾದರೆ ಏಕೆ ಆಗದು ಎಂದು ಬಹಿರಂಗವಾಗಿಯೇ ಹೇಳಿ. ತಾಂತ್ರಿಕ ಕಾರಣ ಎಂಬ ಎರಡು ಪದದಲ್ಲಿ ಮುಗಿಸಬೇಡಿ. ಆ ತಂತ್ರವನ್ನು ನಾನು ನೋಡಿಯಾಗಿದೆ.

ಕೊನೆಯ ದಿನದ ಮಧ್ಯಾಹ್ನದವರೆಗೂ ನಮ್ಮ ಬ್ರೌಸರ್ ತನ್ನ ನಿಜವಾದ ಹೆಸರಿನಲ್ಲೇ ನಿಮ್ಮ ಬಾಗಿಲು ತಟ್ಟುತ್ತದೆ. ಆಗಲೂ ತೆರೆಯದಿದ್ದರೆ ಸುಳ್ಳು ಹೆಸರಿನಲ್ಲಿ ಒಳಗೆ ಬಂದು ಚಿಕ್ಕಬೀರಮ್ಮನ ಅರ್ಜಿಯನ್ನು ಸಲ್ಲಿಸುತ್ತೇನೆ. ಅದರಲ್ಲಿ ಅವಳು ಹೇಳಿದ್ದೆಲ್ಲ ನಿಜವಾಗಿರುತ್ತದೆ: ಹೆಸರು, ಊರು, ಇಷ್ಟು ವರ್ಷ ಆ ಸಂತೆಯಲ್ಲಿ ಕೂತದ್ದು. ಸುಳ್ಳು ನನ್ನ ಕಂಪ್ಯೂಟರಿನದು, ಹೇಳಿಸಿದವನು ನಾನು, ಹೇಳದೆ ವಿಧಿಯಿಲ್ಲದಂತೆ ಮಾಡಿದವರು ನೀವು. ನಾಳೆ ವಿಚಾರಣೆ ಮಾಡುವುದಾದರೆ ನನ್ನನ್ನೂ ನನ್ನ ಕಂಪ್ಯೂಟರನ್ನೂ ಕೂರಿಸಿಕೊಂಡು ಮಾಡಿ. ಅವಳು ಅಷ್ಟು ಹೊತ್ತು ತನ್ನ ಮಳಿಗೆಯಲ್ಲಿ ಮೆಣಸಿನಕಾಯಿ ತೂಗುತ್ತಿರಲಿ.

ಇಂತಿ,
ತಿಂಗಳ ಕೊನೆಯವರೆಗಾದರೂ ನಿಜವನ್ನೇ ಹೇಳಲು ನಿಮ್ಮ ಅಪ್ಪಣೆ ಬೇಡುವ,
ಚೇತನ್‌ಕುಮಾರ್
ಹಾರನಹಳ್ಳಿ, ಪಿರಿಯಾಪಟ್ಟಣ ತಾಲ್ಲೂಕು