ಕೆಳಗಿನ ಒಂದೆಕರೆ

ಶಿಡ್ಲಘಟ್ಟ,
12 ಅಕ್ಟೋಬರ್ 2025

ಪ್ರೀತಿಯ ತಮ್ಮ ಮೋಹನ್‌ಬಾಬುವಿಗೆ ಅಕ್ಕನ ಆಶೀರ್ವಾದಗಳು.

ನೀನು ಕಳಿಸಿದ ಹಕ್ಕು ಬಿಡುಗಡೆ ಪತ್ರ ಬಂದು ಮೂರು ವಾರವಾಯಿತು. ರುಜು ಹಾಕಿ ಕಳಿಸಲಿಲ್ಲವೆಂದು ಬೇಸರಪಟ್ಟುಕೊಂಡಿದ್ದೀಯ, ಗೊತ್ತು. ಫೋನಿನಲ್ಲಿ ಮಾತು ಶುರುವಾದರೆ ನೀನು ಗದರುತ್ತೀಯ, ನಾನು ಅಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳ ಪುಸ್ತಕ ನೋಡಿ ಕಲಿತ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದು.

ಗೌರಿಬಿದನೂರಿನಲ್ಲಿ ಮೊಣಕಾಲಿಗೆ ತೋರಿಸಿದೆಯಾ? ನಿನ್ನ ಹೆಂಡತಿ ಭಾನುಪ್ರಿಯಾ, "ಮಾತ್ರೆ ಜೇಬಲ್ಲೇ ಇಟ್ಕೊಂಡು ಓಡಾಡ್ತಾರೆ ಅತ್ತಿಗೆ, ನುಂಗಲ್ಲ" ಎಂದು ದೂರು ಹೇಳಿದಳು. ಚಿಕ್ಕಂದಿನಲ್ಲೂ ನೀನು ಹಾಗೇ. ಬೆಲ್ಲದಲ್ಲಿಟ್ಟು ಕೊಟ್ಟರೆ ಬೆಲ್ಲ ತಿಂದು ಮಾತ್ರೆ ಉಗಿಯುತ್ತಿದ್ದೆ.

ಮೊನ್ನೆ ಹೊಲಕ್ಕೆ ಹೋಗಿದ್ದೆ. ದಸ್ತಗಿರಣ್ಣನ ಮಗಳು ಖುರ್ಷಿದ್ ಕೆಳಗಿನ ಎಕರೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಕೊಯ್ಯುತ್ತಿದ್ದಳು. ನೀನು ಎರಡು ಎಕರೆಯನ್ನೂ ಲೇಔಟಿನವರಿಗೆ ಕೊಡಲು ಹೊರಟಿರುವುದನ್ನು ಹೇಳಿದೆ. ಅವಳು ಕುಡುಗೋಲು ನಿಲ್ಲಿಸಲಿಲ್ಲ.

"ನಿಮ್ ಹೆಸ್ರಲ್ಲಿದೆಯಲ್ಲಕ್ಕಾ, ಕೊಡ್ಲಿ."

"ನೀನು ಸುಮ್ನಿರ್ತೀಯೇನೇ?"

"ಇನ್ನೇನ್ ಮಾಡ್ಲಿ? ನನ್ ಹುಳಗಳಿಗೆ ಹೇಳ್ತೀನಿ, ಪಹಣಿ ನೋಡ್ಕೊಂಡು ಸೊಪ್ಪು ತಿನ್ರಪ್ಪಾ ಅಂತ."

ನಕ್ಕಳು. ಆಮೇಲೆ ಆ ಕಡೆ ತಿರುಗಿಕೊಂಡು ಒಂದೇ ಹೊರೆಯನ್ನು ಬಹಳ ಹೊತ್ತು ಕಟ್ಟಿದಳು.

ಎಪ್ಪತ್ತಾರರಲ್ಲಿ ನೀನು ಆರು ವರ್ಷದವನು. ನಮ್ಮಪ್ಪ ಕೋನಪ್ಪ, ದಸ್ತಗಿರಣ್ಣ ಇಬ್ಬರೂ ಒಬ್ಬನೇ ಜಮೀನ್ದಾರನ ಹೊಲವನ್ನು ವಾರಕ್ಕೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಅವನಿಗೆ. ಮೇಲಿನ ಎಕರೆ ನಾವು, ಕೆಳಗಿನದು ಅವರು. ಉಳುವವರಿಗೇ ಭೂಮಿ ಎಂಬ ಕಾನೂನು ಬಂದಾಗ ಅಪ್ಪ ಅರ್ಜಿ ಹಾಕಿದ. ಓದು ಬರಹ ಬಾರದ ದಸ್ತಗಿರಣ್ಣ, "ನಿನ್ ಅರ್ಜೀಲೇ ನಂದೂ ಸೇರಿಸ್ಬಿಡು ಕೋನಪ್ಪಾ" ಎಂದ. ಭೂನ್ಯಾಯಮಂಡಳಿಯವರು ಒಂದೇ ಹೆಸರು ಬರೆದುಕೊಂಡುಬಿಟ್ಟರು ಎಂದು ನಮ್ಮ ಮನೆಯಲ್ಲಿ ಹೇಳುತ್ತ ಬಂದಿದ್ದೇವೆ. ಆದರೂ ಸಾಯುವವರೆಗೆ ಅಪ್ಪ ಕೆಳಗಿನ ಎಕರೆಗೆ ನೇಗಿಲು ಇಳಿಸಲಿಲ್ಲ.

"ಕಾನೂನಲ್ಲಿ ಅವ್ರ ಹೆಸ್ರೇ ಇಲ್ವಲ್ಲಕ್ಕಾ, ಪಾಪ ಅಂದ್ರೆ ಆಗ್ತದಾ?" ಎಂದೆಯಲ್ಲ. ಕಾನೂನಿನಲ್ಲಿ ನನ್ನ ಹೆಸರಿದೆಯಪ್ಪ, ಅದಕ್ಕೇ ತಾನೇ ನನ್ನ ರುಜು ಬೇಕಾಗಿರುವುದು? ಮೊದಲು ಕೆಳಗಿನ ಎಕರೆ ಖುರ್ಷಿದ್ ಹೆಸರಿಗೆ ನೋಂದಣಿಯಾಗಲಿ. ಮೇಲಿನದರಲ್ಲಿ ನನಗೆ ಒಂದಡಿಯೂ ಬೇಡ; ಅವತ್ತೇ, ಅದೇ ಕಚೇರಿಯಲ್ಲಿ ನಿನಗೆ ರುಜು ಹಾಕಿಕೊಡುತ್ತೇನೆ.

ಮುಂದಿನ ಭಾನುವಾರ ಇಬ್ಬರೂ ಬನ್ನಿ. ಬಸ್ಸಾರು, ಮುದ್ದೆ ಮಾಡಿರುತ್ತೇನೆ. ಜಗಳ ಊಟವಾದ ಮೇಲೆ ಆಡೋಣ. ನಿನ್ನ ಮನೆ ತಣ್ಣಗಿರಲಿ, ಕಾಲು ನೋವು ಬೇಗ ಇಳಿಯಲಿ.

ನಿನ್ನ ಅಕ್ಕ,
ಆದಿಲಕ್ಷ್ಮಮ್ಮ

ಇನ್ನೊಂದು ಮಾತು: ಮಂಡಳಿಯವರು ತಾವಾಗಿ ಒಂದೇ ಹೆಸರು ಬರೆದುಕೊಳ್ಳಲಿಲ್ಲ. ಅವತ್ತು ಅಪ್ಪನಿಗೆ ಗಂಟಲು ಕಟ್ಟಿತ್ತು. ಪಕ್ಕದಲ್ಲಿ ನಿಂತು ಹೇಳಿಕೆ ಕೊಟ್ಟವಳು ನಾನು. "ಈ ಜಮೀನಲ್ಲಿ ಬೇರೆ ಯಾರಾದ್ರೂ ಉಳ್ತಾರೇನಮ್ಮಾ?" ಎಂದು ಸಾಹೇಬರು ಕೇಳಿದರು. "ಇಲ್ಲ ಸಾರ್, ನಾವೇ" ಎಂದೆ. ಯಾರೂ ಹೇಳಿಕೊಟ್ಟಿರಲಿಲ್ಲ ಕಣೋ. ಎರಡೂ ನಮ್ಮದಾಗಲಿ ಎನ್ನಿಸಿತು, ಅಷ್ಟೇ. ನನಗಾಗ ಹದಿನೆಂಟು. ಅಪ್ಪ ತಲೆ ತಗ್ಗಿಸಿದ. ದಸ್ತಗಿರಣ್ಣ ಬಾಗಿಲಾಚೆಗೇ ನಿಂತಿದ್ದ, ಎಲ್ಲ ಕೇಳಿಸಿತ್ತು. ನಾನು ಹೊರಗೆ ಬಂದಾಗ, "ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು, ನಡಿಯಮ್ಮ" ಎಂದು ಹೋಟೆಲಿಗೆ ಕರೆದುಕೊಂಡು ಹೋಗಿ ಇಡ್ಲಿ ಕೊಡಿಸಿದ. ನಾನು ತಿಂದೆ.