ಮೇಘಶ್ರೀಯ ಹೋಲ್ಡಾನ್

ಹಾಸನ
೧೨ ಅಕ್ಟೋಬರ್ ೨೦೦೬, ಗುರುವಾರ

ಪ್ರೀತಿಯ ಅಪ್ಪನಿಗೆ,

ಹರ್ಷವರ್ಧನನ ನಮಸ್ಕಾರಗಳು. ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ನೀವು "ಓದ್ಕಳ್ಲಾ, ಮನೆ ಇಚಾರ ನಿಂಗ್ಯಾಕೆ" ಅಂದುಬಿಟ್ಟರೆ ನನ್ನ ನಾಲಿಗೆ ಅಲ್ಲೇ ನಿಂತುಹೋಗುತ್ತದೆ. ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಇದ್ದವನಿಗೆ ಅಪ್ಪನ ಜೊತೆ ವಾದ ಮಾಡುವುದು ಹೇಗೆ ಅಂತ ಗೊತ್ತಿಲ್ಲ. ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಬಂದಿವೆ. ಪುಸ್ತಕ ತೆರೆದರೆ ತಂಗಿಯೇ ಕಣ್ಣ ಮುಂದೆ ಬರುತ್ತಾಳೆ.

ಸೋಮವಾರ ಮೇಘಶ್ರೀಯನ್ನು ಚನ್ನರಾಯಪಟ್ಟಣದ ಹತ್ತಿರ, ಇಂಥ ಮಕ್ಕಳನ್ನು ಅಲ್ಲೇ ಇಟ್ಟುಕೊಂಡು ಕಲಿಸುವ ಆ ತರಬೇತಿ ಮನೆಗೆ ಬಿಟ್ಟು ಬರುತ್ತೀರಂತೆ. ದಯವಿಟ್ಟು ಬಿಡಬೇಡಿ ಅಪ್ಪ. ಅದಕ್ಕೇ ಈ ಪತ್ರ.

ಹೋದ ಶನಿವಾರ ಅಮ್ಮ ಅವಳನ್ನು ಹಳ್ಳಿಮೈಸೂರಿನಿಂದ ಇಲ್ಲಿಗೆ, ಥೆರಪಿ ಮಾಡುವ ಗಂಗಾಂಬಿಕೆ ಮೇಡಂ ಹತ್ತಿರ ಕರೆತಂದಿದ್ದಳಲ್ಲ. "ಏನೂ ಉಪ್ಯೋಗ ಇಲ್ಲ" ಅಂತ ನಿಮಗೆ ಹೇಳಿದ್ದಾಳೆ. ನಡೆದದ್ದನ್ನು ಹೇಳಲು ಅಮ್ಮನಿಗೆ ಧೈರ್ಯ ಬಂದಿಲ್ಲ, ಅಷ್ಟೆ. ನಾನೂ ಜೊತೆಗಿದ್ದೆ.

ಮೇಘ ಹೋದವಳೇ ಬಾಗಿಲಲ್ಲಿದ್ದ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸುತ್ತಾ ಕೂತಳು. ಮೇಡಂ ಅವಳನ್ನು ಮುಟ್ಟದೆ, ಕರೆಯದೆ, ಪಕ್ಕದಲ್ಲಿ ನೆಲದ ಮೇಲೆ ಕೂತರು. ಅಮ್ಮನಿಗೆ ನಾಚಿಕೆಯಾಗಿ "ಮೇಡಮ್ಮಾರ್ಗೆ ನಮಸ್ಕಾರ ಮಾಡವ್ವ" ಅಂತ ಅವಳ ಕೈ ಹಿಡಿದು ಜೋಡಿಸಿದಳು. ಮೇಘ ಮುಖ ತಿರುಗಿಸಿ "ಹೋಲ್ಡಾನ್! ಹೋಲ್ಡಾನ್!" ಅಂದಳು.

ಅಮ್ಮ ನಕ್ಕಳು. "ಅವ್ರಪ್ಪ ಬಸ್ ಕಂಡಕ್ಟ್ರು ಮೇಡಂ. ಬ್ಯಾರೆ ಮಾತೇ ಬರಾಕಿಲ್ಲ, ಇದ್ನ ಮಾತ್ರ ಒದರ್ತಾಳೆ."

ಮೇಡಂ ನಗಲಿಲ್ಲ. "ಬಸ್ಸಲ್ಲಿ ಹೋಲ್ಡಾನ್ ಅಂದ್ರೆ ಏನಾಗುತ್ತಮ್ಮ?"

"ಬಸ್ಸು ನಿಲ್ತದೆ."

"ಹಾಗಾದ್ರೆ ನೀವೂ ನಿಲ್ಲಿಸಿ. ಕೈ ಬಿಡಿ."

ಅಮ್ಮ ಬಿಟ್ಟಳು. ಮೇಘ ಆ ಕ್ಷಣವೇ ಸುಮ್ಮನಾದಳು ಅಪ್ಪ. ಎರಡೂ ಕೈ ಪಟಪಟ ಆಡಿಸಿ ಮತ್ತೆ ಚಪ್ಪಲಿಗೆ ಹೋದಳು. ಮೇಡಂ ತಮ್ಮ ಚಪ್ಪಲಿಯನ್ನೂ ಸಾಲಿನ ತುದಿಗಿಟ್ಟರು. ಮೇಘ ಅದರ ದಿಕ್ಕು ತಿರುಗಿಸಿ ಸರಿಮಾಡಿದಳು. ಹಾಗೇ ಇಬ್ಬರೂ ಆಡುತ್ತಿದ್ದರು. ಕೊನೆಗೆ ಅವಳು ಬಸ್ಸು ಹೊರಡಿಸುವ ಹಾಗೆ "ರೈಟ್, ರೈಟ್" ಅಂದದ್ದೇ, ಮೇಡಂ ಎದ್ದು ಬಾಗಿಲು ತೆರೆದರು. ಮೇಘ ಹೊರಗೆ ಹೋಗಲಿಲ್ಲ. ತೆರೆದ ಬಾಗಿಲನ್ನೇ ನೋಡುತ್ತಾ ನಿಂತಳು.

"ಕೈ ಆಡಿಸಿದ್ರೆ ಆಡಿಸ್ಲಿ, ಮುಖ ನೋಡು ಅಂತ ಗದ್ದ ಹಿಡೀಬೇಡಿ" ಅಂದರು ಮೇಡಂ. "ಅವಳು ಇರೋದೇ ಹೀಗಮ್ಮ. ಅವಳು ಹೇಳೋದು ನಮಗೆ ಅರ್ಥ ಆಗ್ತಿಲ್ಲ, ಅದನ್ನ ಕಲಿಯೋಣ."

"ಅಂಗಾದ್ರೆ ಇಷ್ಟು ದೂರ ಬಂದಿದ್ದು ನಾನು ಪಾಠ ಕಲಿಯಕಾ?"

"ಹೂಂ. ಹೋಂವರ್ಕೂ ನಿಮಗೇ."

ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅರಕಲಗೂಡಲ್ಲಿ ಮಾತು ಕಲಿಸ್ತೀನಿ ಅಂದ ಆ ಮೇಷ್ಟ್ರು ಟವಲ್ನಲ್ಲಿ ಕೈ ಕಟ್ಟಿ ಕುರ್ಚಿಗೆ ಕೂರಿಸ್ದಾಗ್ಲೂ ಮಗ ಇದ್ನೇ ಕೂಗ್ತಿತ್ತಲ್ಲೋ" ಅಂತ ಅತ್ತಳು. ಅವತ್ತು ನಾನೂ ಬಂದಿದ್ದೆ. "ಕೇಳಿ ಸಾ, ಕಂಡಕ್ಟ್ರು ಮಗ್ಳು ಅಂದ್ರೆ ಇವ್ಳೇ!" ಅಂತ ನೀವು ಹೆಮ್ಮೆಯಿಂದ ಅಂದಿರಿ. ಮೇಷ್ಟರು ನಗುತ್ತಾ ಗಂಟು ಬಿಗಿಮಾಡಿದರು. ನಿಮ್ಮನ್ನು ಬೈಯುತ್ತಿಲ್ಲ ಅಪ್ಪ. ನಮಗ್ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಅದೇ ಕಷ್ಟ.

ಭಾನುವಾರ ಆ ತರಬೇತಿ ಮನೆಗೂ ಹೋಗಿ ಬಂದೆ. ಮಕ್ಕಳು ತೊಡೆಯ ಕೆಳಗೆ ಕೈ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಒಬ್ಬರೂ ಉಸಿರೆತ್ತಲಿಲ್ಲ. ಅದನ್ನು ನೋಡಿಕೊಳ್ಳುವ ಮಂಚಯ್ಯ, "ನೋಡಪ್ಪ, ಎಂಗೆ ತೆಪ್ಪಗವೆ! ಬಂದ ಹೊಸದ್ರಲ್ಲಿ ಕಿರುಚ್ತವೆ, ಆಮೇಕೆ ಅವೇ ಬಿಟ್ಬುಡ್ತವೆ" ಅಂದ. ಮೇಘಳಿಗೆ ಇರುವುದೇ ಎರಡು ಮಾತು. ಅವನ್ನೂ ಬಿಟ್ಟುಬಿಟ್ಟರೆ?

ಎಷ್ಟು ಬರೆದರೂ ನೀವು ಒಪ್ಪುವುದಿಲ್ಲ ಅಂತಲೇ ಅನ್ನಿಸುತ್ತಿದೆ. ಅಮ್ಮ ಆಗಲೇ ಅವಳ ಲಂಗಗಳ ಮೇಲೆ ಕೆಂಪು ದಾರದಲ್ಲಿ ಹೆಸರು ಹೊಲಿಯುತ್ತಿದ್ದಾಳಂತೆ. ಹಾಸ್ಟೆಲಿಗೆ ಕಳಿಸುವಾಗ ನನ್ನ ಚಡ್ಡಿಗಳಿಗೂ ಅದೇ ದಾರದಲ್ಲಿ ಹೊಲಿದಿದ್ದಳು. ಓದಿಕೊಳ್ಳಲು ಆಗುತ್ತಿಲ್ಲ, ಸುಮ್ಮನೆ ಕೂತಿರಲೂ ಆಗುತ್ತಿಲ್ಲ.

ಅಜ್ಜಿಗೆ, ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಮೇಘಳಿಗೆ ಏನು ಹೇಳಬೇಕೋ ತಿಳಿಯದು; ನನ್ನ ಹಳೇ ಚಪ್ಪಲಿ ಅಟ್ಟದ ಮೇಲಿದೆ, ಅವಳಿಗೆ ಕೊಡಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿಮ್ಮ ಮಗ,
ಹರ್ಷ

ಕೊನೆಗೊಂದು ಮಾತು: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನನ್ನನ್ನು ಹಾಸ್ಟೆಲಿಗೆ ಸೇರಿಸಿದ ದಿನ ನೀವು ಡ್ಯೂಟಿ ಮೇಲೇ ಇದ್ದಿರಿ. ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ, ನನ್ನನ್ನು ವಾರ್ಡನ್ ಕೈಗೆ ಕೊಟ್ಟು, ಓಡಿಹೋಗಿ ಫುಟ್‌ಬೋರ್ಡ್ ಹತ್ತಿದಿರಿ. ನಾನು "ಹೋಲ್ಡಾನ್ ಅಪ್ಪಾ, ಹೋಲ್ಡಾನ್" ಅಂತ ಬಸ್ಸಿನ ಹಿಂದೆ ಓಡಿದೆ. ಕಿಟಕಿಯಲ್ಲಿದ್ದವರೆಲ್ಲ ನಕ್ಕರು. ನೀವೂ ನಕ್ಕು, ಕೈಬೀಸಿ, "ರೈಟ್" ಅಂದಿರಿ. ಆಮೇಲೆ ನಾನು ಯಾವುದಕ್ಕೂ ಕೂಗಿದವನಲ್ಲ. ಜಾಣ ಹುಡುಗ, ಹೊಂದಿಕೊಂಡ ಅಂತ ನೀವು ಊರಲ್ಲೆಲ್ಲ ಹೇಳಿಕೊಂಡಿರಿ. ಈಗ ಮತ್ತೆ ಕೂಗುತ್ತಿದ್ದೇನೆ ಅಪ್ಪ, ಅವಳಿಗೋಸ್ಕರ. ಈ ಪತ್ರವನ್ನು ಹೊಳೆನರಸೀಪುರದ ಬಸ್ಸಿನ ಡ್ರೈವರ್ ಗುಂಡಯ್ಯ ಮಾವನ ಕೈಗೆ ಕೊಡುತ್ತಿದ್ದೇನೆ. ಸೋಮವಾರಕ್ಕೆ ಮೊದಲು ಅವರ ಕೈಲೇ ಬೇಗ ಉತ್ತರ ಕಳಿಸಿ.