ಮಿರ್ದಿಫ್ ವಿಲ್ಲಾದ ಕಬ್ಬಿಣದ ಓವನ್

8 ಜನವರಿ 2015, ಗುರುವಾರ

ಇವತ್ತೂ ಓವನ್‌ಗೆ ಕಪ್ಪು ಪಾಲಿಶ್. ಉಗುರಿನ ಸಂದಿಯ ಮಸಿ ಹೋಗುವುದೇ ಇಲ್ಲ. ಎರಕದ ಕಬ್ಬಿಣ, ಅಜ್ಜನ ಅಜ್ಜನ ಕಾಲದ್ದು, ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ಇಂಥ ಓವನ್‌ಗಳು ಮನೆಗಳ ಅಡುಗೆಕೋಣೆಗೆ ಬಂದ ಕಥೆಯನ್ನು ಮನೆಯೊಡತಿ ಸುಪ್ರೀತಾ ಮೇಡಂ ಪುಸ್ತಕ ಮಾಡುತ್ತಿದ್ದಾರೆ. ಆ ಕಾಲದ ಬ್ರೆಡ್ಡು, ಕೇಕು, ಪೈ — ಎಲ್ಲ ಇದರಲ್ಲೇ ಬೇಯಿಸಿ ನೋಡಬೇಕಂತೆ. ಇದ್ದಿಲು ಹಾಕಿ ಬೇಯಿಸುವವರು ಮನೆಗೆಲಸದ ನಾವಿಬ್ಬರು, ನಾನು ಮತ್ತು ಮೈಮೂನ. ಉಳ್ಳಾಲದ ಹುಡುಗಿ, ಗಲ್ಫಿಗೆ ಬಂದು ಇನ್ನೂ ವರ್ಷವಾಗಿಲ್ಲ.

ಊಟದ ಹೊತ್ತಿಗೆ ಮೇಡಂ ಬರೆದದ್ದನ್ನು ಓದಿ ಹೇಳಿದರು. ಮೊದಮೊದಲು ಎಷ್ಟೋ ಹೆಂಗಸರಿಗೆ ಇದು ಬೇಡವಾಗಿತ್ತಂತೆ. ತೆರೆದ ಒಲೆಯಲ್ಲಿ ಬೆಂಕಿ ಕಣ್ಣಿಗೆ ಕಾಣುತ್ತಿತ್ತು. ಕಬ್ಬಿಣ ಅದನ್ನು ಪೆಟ್ಟಿಗೆಯೊಳಗೆ ಮುಚ್ಚಿಬಿಟ್ಟಿತು. ಗಾಳಿ ಕೆಡುತ್ತದೆ, ತಲೆ ನೋಯುತ್ತದೆ ಎಂದು ದೂರು.

"ನಂಗೂ ತಲೆನೋವು ಉಂಟು ಮೇಡಂ," ಅಂದಳು ಮೈಮೂನ.

ಮೇಡಂ ನಕ್ಕರು. "ನೀನು ಯಾವ ಕಾಲದವಳು ಮಾರಾಯ್ತಿ!"

ನಾನೂ ನಕ್ಕೆ.

11 ಜನವರಿ

ಮೈಮೂನ ವಾಂತಿ ಮಾಡಿದಳು. ಕಿಟಕಿ ತೆರೆದೆ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆ, ಹಿಟ್ಟಿನ ಮೇಲೆಲ್ಲ ಧೂಳು... ಮೇಡಂ ಬಂದು ಮುಚ್ಚಿದರು. "ಪೆನಡಾಲ್ ಮಾತ್ರೆ ಕೊಡು. ಸ್ವಲ್ಪ ಮಲಗ್ಲಿ."

ನನಗೂ ತಲೆ ಭಾರ. ಮೇಡಂ ಮಗ ತನಿಷ್, ನಾಲ್ಕು ವರ್ಷದವನು. ಅವನ ಹಿಂದೆ ಅಂಗಳಕ್ಕೆ ಓಡಿದರೆ ಸರಿಹೋಗುತ್ತದೆ.

13 ಜನವರಿ, ಸಂಜೆ

ತನಿಷ್‌ನನ್ನು ನರ್ಸರಿಯಿಂದ ಕರೆತಂದೆ. ಅಡುಗೆಕೋಣೆಯ ಬಾಗಿಲು ಹಾಕಿತ್ತು. ಬ್ರೆಡ್ಡು ಸೀದ ವಾಸನೆ. ಓವನ್ ಎದುರು ನೆಲದ ಮೇಲೆ ಮೈಮೂನ. ಮುಖ ಕೆಂಪಗೆ, ಲಕ್ಷಣವಾಗಿ — ನಿದ್ದೆ ಹತ್ತಿರಬೇಕು ಅಂದುಕೊಂಡೆ. ಅಲುಗಿಸಿದೆ. ಅಂಗಳಕ್ಕೆ ಎಳೆದು ತಂದೆ. ಕೂಗಿದೆ. ಮಹಡಿಯಿಂದ ಮೇಡಂ ಬರಿಗಾಲಲ್ಲಿ ಓಡಿ ಬಂದರು. ಆಂಬುಲೆನ್ಸ್.

"ಈಸ್ ಶಿ ಸ್ಲೀಪಿಂಗ್?" ಮಗು ಕೇಳುತ್ತಲೇ ಇತ್ತು.

14 ಜನವರಿ

ಮೈಮೂನ ತೀರಿಕೊಂಡಳು.

16 ಜನವರಿ, ಶುಕ್ರವಾರ

ಇಲ್ಲಿ ವಾರದ ರಜೆ ಶುಕ್ರವಾರ, ಆದರೂ ಚರ್ಚಿಗೆ ಹೋಗಲಿಲ್ಲ. ಸಿವಿಲ್ ಡಿಫೆನ್ಸಿನ ಅಗ್ನಿಶಾಮಕದವರು ಏಣಿ ಹಾಕಿ ಫಾಲ್ಸ್ ಸೀಲಿಂಗ್ ಬಿಚ್ಚಿದರು. ಓವನ್‌ನ ಹೊಗೆಕೊಳವೆ ಅಲ್ಲಿಗೇ ನಿಂತಿತ್ತು. ಹೊರಗೆ ಹೋಗಿಯೇ ಇಲ್ಲ. ಅಂದಕ್ಕೆ ಕೂರಿಸಿದ್ದು. ಇದ್ದಿಲಿನ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ ಎಂದು ಅವರಲ್ಲೊಬ್ಬ ಹಿಂದಿಯಲ್ಲಿ ಹೇಳಿದ.

17 ಜನವರಿ

ಮೇಡಂ ಗಂಡ ರಿತೇಶ್ ಸರ್ ಕರೆದರು. ಎಂದೂ ಇಲ್ಲದ್ದು, ಕೂತುಕೋ ಅಂದರು.

"ಅದು ಶೋಪೀಸ್ ಬೆಟ್ಟಿ. ನಾವು ಹೊತ್ತಿಸ್ಲೇ ಇಲ್ಲ. ಮೈಮೂನ ಅವಳಷ್ಟಕ್ಕೆ ಹೊತ್ತಿಸಿದ್ದು. ಪೊಲೀಸ್ ಕೇಳಿದ್ರೆ ಅಷ್ಟೇ ಹೇಳು."

"ದಿನಾ ಹೊತ್ತಿಸ್ತಿದ್ದೆವಲ್ಲ ಸರ್."

"ಅವಳು ಹೋಗಿ ಆಯ್ತು, ಖಲಾಸ್. ಸುಪ್ರೀತಾ ಜೈಲಿಗೆ ಹೋದ್ರೆ ತನಿಷ್‌ಗೆ ಯಾರು? ನಿನ್ನ ವೀಸಾ ಕೂಡ ನನ್ನ ಕೈಯಲ್ಲೇ ಉಂಟು."

ಕೊನೆಯ ಮಾತನ್ನು ಮೆಲ್ಲಗೆ ಹೇಳಿದರು.

ಹೂಂ ಅಂದೆ.

20 ಜನವರಿ

ಮುಸಫ್ಫಾದಲ್ಲಿ ಕೆಲಸಕ್ಕಿರುವ ಮೈಮೂನಳ ಅಣ್ಣ ಅಲಿಕುಂಞಿ ಬಂದರು, ಅವಳ ಬಟ್ಟೆಬರೆ ಒಯ್ಯಲು. ಗೇಟಿನ ಹತ್ತಿರ, ರಿತೇಶ್ ಸರ್ ಎದುರಿಗೇ ಕೇಳಿದರು.

"ಯಾರಿಗೂ ಹೇಳದೆ ಅವಳೇ ಬೆಂಕಿ ಹಾಕಿದ್ದಂತೆ. ಹೌದಾ ಅಕ್ಕ? ಹೆತ್ತ ಉಮ್ಮ ನಂಬುದಿಲ್ಲ."

ಹೌದು ಅನ್ನಲೆಂದೇ ಬಾಯಿ ತೆರೆದದ್ದು.

"ಇಲ್ಲ," ಅಂದೆ. "ಮೇಡಂ ಹೇಳಿ ಹೊತ್ತಿಸಿದ್ದು. ದಿನಾ."

ರಿತೇಶ್ ಸರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ. ಅಲಿಕುಂಞಿಯೇ ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಅಲ್ಲಿಯೂ ಅದನ್ನೇ ಹೇಳಿದೆ. ವಾಪಸು ಬಂದಾಗ ನನ್ನ ಬ್ಯಾಗು ಗೇಟಿನ ಹೊರಗಿತ್ತು.

27 ಜನವರಿ, ಕರಾಮಾ

ಚಿಕ್ಕಪ್ಪನ ಮಗಳು ಲವಿನಾಳ ಫ್ಲ್ಯಾಟಿನಲ್ಲಿದ್ದೇನೆ. ಕೇಸು ಮುಗಿಯುವವರೆಗೆ ಊರಿಗೂ ಹೋಗುವಂತಿಲ್ಲ, ಕೆಲಸಕ್ಕೂ ಸೇರುವಂತಿಲ್ಲ. ಮೈಮೂನಳ ದೇಹ ನಿನ್ನೆ ಉಳ್ಳಾಲಕ್ಕೆ ಹೋಯಿತು. ಮೇಡಂಗೆ ಜಾಮೀನು ಸಿಕ್ಕಿದೆ.

ಈಗಷ್ಟೇ ಅವರ ಫೋನ್. ಅಳುತ್ತಿದ್ದರು. "ತನಿಷ್ ಸರಿಯಾಗಿ ಉಣ್ಣುದಿಲ್ಲ ಬೆಟ್ಟಿ. ನಿನ್ನನ್ನೇ ಕೇಳ್ತಾನೆ. ಒಮ್ಮೆ ಬಾ."

ಮೈಮೂನಳ ಹೆಸರು ಎತ್ತುತ್ತಾರೇನೋ ಎಂದು ಕಾದೆ. ಎತ್ತಲಿಲ್ಲ. ಕಟ್ ಮಾಡಿದೆ.

ಮಗು ನಿಜಕ್ಕೂ ಉಂಡಿಲ್ಲವೋ ಏನೋ. ಅವನಿಗೆ ಅನ್ನ ಬಿಸಿ ಇರಬಾರದು. ಮೊಸರು ಹಾಕಿ ಚೆನ್ನಾಗಿ ಕಿವುಚಿ, ಆಮೇಲೆ —